ಎರಡು ಗಡಿಯಾರಗಳ ನಡುವಿನ ಐದು ನಿಮಿಷ

ಬ್ರೂವಾಲ್ ಊರಿಗೂ ಅದರ ರೈಲು ನಿಲ್ದಾಣಕ್ಕೂ ಅಳತೆಯಲ್ಲಿ ತಾಳಮೇಳವೇ ಇರಲಿಲ್ಲ. ಊರಲ್ಲಿದ್ದದ್ದು ಒಂದು ಚರ್ಚು, ಒಂದು ಸಂತೆ ಬಯಲು, ಎರಡು ಬೇಕರಿ, ಸಾವಿರದ ಇನ್ನೂರು ಜನ, ಅವರಿಗಿಂತ ಹೆಚ್ಚು ಹಸುಗಳು. ನಿಲ್ದಾಣವನ್ನು ನೋಡಿದರೆ ಮಾತ್ರ ಒಳಗೆ ಯಾರೋ ರಾಜಕುಮಾರ ಇಳಿದಿದ್ದಾನೆ ಅನ್ನಿಸಬೇಕು. ಕೆಂಪು ಇಟ್ಟಿಗೆಯ ಗೋಡೆಗೆ ಬಿಳಿ ಕಲ್ಲಿನ ಅಡ್ಡಪಟ್ಟಿ, ಕಪ್ಪು ಹಲಗೆಗಲ್ಲಿನ ಕಡಿದಾದ ಛಾವಣಿ, ಛಾವಣಿಯ ನೆತ್ತಿಯುದ್ದಕ್ಕೂ ಸತುವಿನ ಕುಸುರಿ. ಮುಂಬಾಗಿಲ ಮೇಲೆ ಆಳೆತ್ತರದ ಗಡಿಯಾರ, ಅದರ ಎಡಬಲಕ್ಕೆ ಇಬ್ಬರು ಕಲ್ಲಿನ ಹೆಂಗಸರು. ಒಬ್ಬಳ ಕೈಯಲ್ಲಿ ಹಲ್ಲುಚಕ್ರ, ಇನ್ನೊಬ್ಬಳ ಕೈಯಲ್ಲಿ ಸೇಬಿನ ಬುಟ್ಟಿ. ಕೈಗಾರಿಕೆ ಮತ್ತು ಕೃಷಿ ಎಂದು ಶಿಲ್ಪಿ ಅವರಿಗೆ ಹೆಸರಿಟ್ಟಿದ್ದನಂತೆ. ಊರವರು ಅದನ್ನು ಒಪ್ಪದೆ ಎರಡು ಬೇಕರಿಗಳ ಒಡತಿಯರ ಹೆಸರಿಟ್ಟರು. ಆ ಒಡತಿಯರಿಬ್ಬರೂ ನಲವತ್ತು ವರ್ಷ ಅಕ್ಕಪಕ್ಕದಲ್ಲಿದ್ದು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಇಷ್ಟು ದೊಡ್ಡ ಕಟ್ಟಡ ಇಷ್ಟು ಸಣ್ಣ ಊರಿಗೆ ಹೇಗೆ ಬಂತು ಎಂದರೆ ಎಲ್ಲರದೂ ಒಂದೊಂದು ಕತೆ. ನಕ್ಷೆಗಳು ಅದಲುಬದಲಾದವು, ನಮ್ಮ ಸಣ್ಣ ನಿಲ್ದಾಣ ಯಾವುದೋ ದೊಡ್ಡ ಪಟ್ಟಣದಲ್ಲಿ ನಿಂತು ಅಲ್ಲಿಯವರ ಹೊಟ್ಟೆ ಉರಿಸುತ್ತಿದೆ ಎಂಬುದು ಊರಿಗೆ ಅತ್ಯಂತ ಇಷ್ಟವಾದ ಕತೆ.

ಸ್ಟೇಷನ್ ಮಾಸ್ತರ್ ಎವರಿಸ್ಟ್ ದ್ಯುಬೋಸ್ಕ್‌ಗೆ ಈ ಕತೆ ಕೇಳಿದರೆ ಆಗುತ್ತಿರಲಿಲ್ಲ. ತಪ್ಪಿ ಬಂದ ಕಟ್ಟಡದಲ್ಲಿ ತಾನು ಇಪ್ಪತ್ತೆರಡು ವರ್ಷ ಕಳೆದೆ ಎಂದು ಒಪ್ಪಿಕೊಳ್ಳುವುದು ಅವನಿಂದಾಗದು. ನಲವತ್ತೊಂಬತ್ತರ ಬ್ರಹ್ಮಚಾರಿ, ಉದ್ದನೆಯ ಆಳು, ಮೀಸೆಗೆ ದಿನಾ ಮೇಣ ಹಚ್ಚುವವನು. ನಿಲ್ದಾಣದ ಮೇಲ್ಮಹಡಿಯ ಮೂರು ಕೋಣೆಗಳಲ್ಲಿ ವಾಸ. ಇಪ್ಪತ್ತೆರಡು ವರ್ಷಗಳಲ್ಲಿ ಅವನ ಕೈಯಿಂದ ಒಂದು ಗಾಡಿಯೂ ಅರ್ಧ ನಿಮಿಷ ತಡವಾಗಿ ಹೊರಟಿರಲಿಲ್ಲ. ಒಮ್ಮೆ ಬಿಷಪ್ಪರೇ ಗೌನು ಎತ್ತಿಕೊಂಡು ಓಡಿಬರುತ್ತಿದ್ದಾಗ ಅವನು ಸೀಟಿ ಊದಿಬಿಟ್ಟಿದ್ದ. ಆ ವರ್ಷವೆಲ್ಲ ಊರಿನ ಭಕ್ತರು ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು.

ಇನ್ನು ಗಡಿಯಾರದ ವಿಷಯ. ನಿಲ್ದಾಣಕ್ಕೆ ಗಡಿಯಾರಗಳು ಎರಡು. ಒಂದು ಬೀದಿಗೆ ಮುಖಮಾಡಿದ್ದು, ಇನ್ನೊಂದು ಒಳಗೆ ಪ್ಲಾಟ್‌ಫಾರಂ ಮೇಲಿನದು. ಬೀದಿಯದು ಪ್ಯಾರಿಸ್ಸಿನ ಸರಿಯಾದ ಸಮಯ ತೋರಿಸುತ್ತಿತ್ತು, ಒಳಗಿನದು ಅದಕ್ಕಿಂತ ಐದು ನಿಮಿಷ ಹಿಂದೆ. ರೈಲುಗಳು ನಡೆಯುತ್ತಿದ್ದದ್ದು ಒಳಗಿನದರ ಮಾತಿನಂತೆ. ಏದುಸಿರು ಬಿಡುತ್ತಾ ಬರುವವನಿಗೆ ಐದು ನಿಮಿಷದ ಉಸಿರು ಸಿಗಲಿ ಎಂದು ಹಿಂದಿನವರು ಮಾಡಿದ ಏರ್ಪಾಡು ಅದು. ದೇಶದ ಎಲ್ಲ ನಿಲ್ದಾಣಗಳಲ್ಲೂ ಹೀಗೆಯೇ ಇತ್ತು. ಆದರೆ ಜನ ಜನವೇ ಅಲ್ಲವೇ, ಐದು ನಿಮಿಷ ಸಿಗುತ್ತದೆಂದು ಗೊತ್ತಾದ ದಿನದಿಂದ ಎಲ್ಲರೂ ಐದು ನಿಮಿಷ ತಡವಾಗಿ ಮನೆ ಬಿಡತೊಡಗಿದರು. ಏದುಸಿರು ಹಾಗೆಯೇ ಉಳಿಯಿತು.

ಬ್ರೂವಾಲ್‌ನಲ್ಲಿ ಈ ಎರಡೂ ಮುಖಗಳಿಗೆ ಯಂತ್ರ ಒಂದೇ. ಅಟ್ಟದ ಮೇಲೆ ಒಂದು ಹಿತ್ತಾಳೆಯ ಯಂತ್ರ, ಅದರಿಂದ ಎರಡೂ ಕಡೆಗೆ ಹೊರಟ ಕಬ್ಬಿಣದ ಸರಳುಗಳು. ಬೀದಿ ಕಡೆಯ ಸರಳಿನ ತುದಿಗೆ ಒಂದು ತಿರುಪು. ಅದನ್ನು ಬಿಗಿ ಮಾಡುವಾಗ ಮುಳ್ಳನ್ನು ಐದು ನಿಮಿಷ ಮುಂದಿಟ್ಟು ಬಿಗಿ ಮಾಡಿದ್ದರು, ಅಷ್ಟೇ. ಪ್ರತಿ ಸೋಮವಾರ ಎವರಿಸ್ಟ್ ಅಟ್ಟ ಹತ್ತಿ ಅದಕ್ಕೆ ಕೀಲಿ ಕೊಡುತ್ತಿದ್ದ.

ಈ ಐದು ನಿಮಿಷದಿಂದ ಇಡೀ ದೇಶದಲ್ಲಿ ನಿಜವಾಗಿ ಲಾಭವಾದದ್ದು ಯಾರಿಗಾದರೂ ಇದ್ದರೆ ಅದು ಎವರಿಸ್ಟ್‌ಗೆ. ವಾರಕ್ಕೊಮ್ಮೆ, ಶನಿವಾರ, ಬೆಳಿಗ್ಗೆ ಎಂಟು ಹನ್ನೆರಡರ ಗಾಡಿಗೆ.

ಆ ಗಾಡಿಗೆ ಬರುತ್ತಿದ್ದವಳು ಝೆಲಿ ಗ್ರಾಂವಾಲ್, ಟೋಪಿ ಮಾಡುವವಳು. ನಲವತ್ತೆರಡು ವಯಸ್ಸು, ಗಂಡ ತೀರಿಹೋಗಿ ಹತ್ತು ವರ್ಷ. ನಿಲ್ದಾಣದಿಂದ ಮೇಲಕ್ಕೆ ಏರುವ ಬೀದಿಯ ತುದಿಯಲ್ಲಿ ಅವಳ ಅಂಗಡಿ. ಶನಿವಾರ ಜಿಲ್ಲಾ ಪಟ್ಟಣದ ಸಂತೆಗೆ ಟೋಪಿಗಳನ್ನು ಒಯ್ಯುತ್ತಿದ್ದಳು. ಬೀದಿಯ ಗಡಿಯಾರ ಎಂಟು ಹನ್ನೆರಡು ತೋರಿಸುವಾಗ ಎರಡು ಕೈಯಲ್ಲೂ ದುಂಡನೆಯ ಡಬ್ಬಿಗಳನ್ನು ತೂಗಾಡಿಸುತ್ತಾ ಒಳಗೆ ಕಾಲಿಡುವಳು. ಒಳಗೆ ಎಂಟು ಏಳು. ಉಳಿದವರು ಟಿಕೆಟ್ಟು, ಮೂಟೆ, ಮಕ್ಕಳು ಎಂದು ಗಡಿಬಿಡಿ ಮಾಡುತ್ತಿರುವಾಗ ಅವಳು ಪ್ಲಾಟ್‌ಫಾರಂ ಮೇಲಿನ ಗಾಜಿನ ಚಪ್ಪರದ ಕೆಳಗೆ ನಿಂತು ಮಾಸ್ತರನ ಜೊತೆ ಮಾತಾಡುವಳು.

ಶುರುವಾದದ್ದು ಒಂದು ಕಂಬದಿಂದ. ಒಂಬತ್ತು ವರ್ಷದ ಹಿಂದೆ ಅವಳು ಚಪ್ಪರದ ಎರಕದ ಕಂಬವೊಂದರ ತಲೆಯನ್ನೇ ದಿಟ್ಟಿಸಿ ನೋಡಿ, ಇದು ಯಾವ ಎಲೆ ಎಂದು ಕೇಳಿದಳು. ಎಲ್ಲ ನಿಲ್ದಾಣಗಳ ಕಂಬಕ್ಕೂ ಯಾವುದೋ ಪುಸ್ತಕದಲ್ಲಿನ ಮುಳ್ಳೆಲೆ ಇರುತ್ತದೆ, ಇಲ್ಲಿ ಮಾತ್ರ ಸೇಬಿನ ಎಲೆ, ಎರಕ ಹೊಯ್ದವನು ಈ ಸೀಮೆಯವನೇ ಇರಬೇಕು ಎಂದ ಎವರಿಸ್ಟ್. ಅವಳು ಮುಂದಿನ ಶನಿವಾರ ಅದೇ ಎಲೆಗಳ ಅಂಚಿದ್ದ ಒಂದು ಟೋಪಿಯನ್ನು ಡಬ್ಬಿಯಿಂದ ತೆಗೆದು ತೋರಿಸಿದಳು. ಅಂದಿನಿಂದ ಅವನಿಗೆ ಅದೇ ಕೆಲಸವಾಯಿತು. ವಾರಕ್ಕೊಂದು ಹೊಸದು ಹುಡುಕಿ ಇಡಬೇಕು. ಐದನೆಯ ಕಂಬದ ಎಲೆಗಳ ನಡುವೆ ಅಡಗಿರುವ ಗುಬ್ಬಿ. ಮೊದಲ ದರ್ಜೆಯ ಕೋಣೆಯ ಮರದ ನೆಲದಲ್ಲಿ ಬಡಗಿ ಬೇಕೆಂದೇ ತಿರುಗಿಸಿಟ್ಟ ಒಂದು ತುಂಡು. ಮಳೆನೀರಿನ ಕೊಳವೆಯ ಬಾಯಿಗಿಟ್ಟ ಸಿಂಹಕ್ಕೆ ಮೂರೇ ಹಲ್ಲು. ಚಪ್ಪರದ ಗಾಜಿನಲ್ಲಿ ಒಂದೇ ಒಂದು ಹಾಳೆ ಹಸಿರು. ಅದರ ಕೆಳಗೆ ನಿಂತವರೆಲ್ಲ ಜ್ವರ ಬಂದವರಂತೆ ಕಾಣುತ್ತಿದ್ದರು. ಏಣಿ ಹಾಕಿಕೊಂಡು ತೊಲೆಗಳನ್ನು ಮೂಸುತ್ತಿದ್ದ ಯಜಮಾನನನ್ನು ನೋಡಿ ಹಮಾಲಿ ಫಿರ್ಮಾಂ, ಮಾಸ್ತರರಿಗೆ ಯಾರೋ ನಿಧಿಯ ಸುಳಿವು ಕೊಟ್ಟಿದ್ದಾರೆ ಎಂದು ಊರೆಲ್ಲ ಸಾರಿಕೊಂಡು ಬಂದ.

ಕಟ್ಟಡದ ಬಗ್ಗೆ ಅವನು ಆಡಿದ ಮಾತುಗಳಿಗೆ ಲೆಕ್ಕವಿಲ್ಲ. ತನ್ನ ಬಗ್ಗೆ ಒಂದನ್ನೂ ಆಡಲಿಲ್ಲ. ಅವನು ಝೆಲಿಯನ್ನು ಪ್ರೀತಿಸುತ್ತಿದ್ದ, ಅದರಲ್ಲಿ ಮುಚ್ಚುಮರೆಯೇನಿಲ್ಲ, ಊರಿನ ಹಸುಗಳಿಗೂ ಅದು ಗೊತ್ತಿತ್ತು. ಅವಳಿಗೆ ಹೇಳುವ ಕೆಲಸವೊಂದು ಬಾಕಿಯಿತ್ತು. ಈ ಶನಿವಾರವಲ್ಲದಿದ್ದರೆ ಮುಂದಿನ ಶನಿವಾರ ಇದ್ದೇ ಇದೆಯಲ್ಲ ಎಂದುಕೊಂಡು ಒಂಬತ್ತು ವರ್ಷ ತಳ್ಳಿದ. ಸುಖವಾಗಿಯೇ ಇದ್ದ, ಸುಖವಾಗಿದ್ದವನಿಗೆ ಅವಸರ ಎಲ್ಲಿಂದ ಬರಬೇಕು.

ಅವಸರ ಜನವರಿಯಲ್ಲಿ ಬಂತು. ರುವಾಂ ಪಟ್ಟಣದಲ್ಲಿ ಝೆಲಿಯ ತಂಗಿಗೆ ದೊಡ್ಡ ಅಂಗಡಿಯಿತ್ತು, ಒಬ್ಬಳ ಕೈಯಲ್ಲಿ ಆಗುತ್ತಿಲ್ಲ, ನೀನು ಬಂದುಬಿಡು ಎಂದು ಕಾಗದ ಬರೆದಳು. ಝೆಲಿ ಆ ವಿಷಯವನ್ನು ಗಾಜಿನ ಚಪ್ಪರದ ಕೆಳಗೆ ಎವರಿಸ್ಟ್‌ಗೆ ಹೇಳಿ, ಏನು ಮಾಡಲಿ ಎಂಬಂತೆ ಅವನ ಮುಖ ನೋಡಿದಳು. ಅವನು ರುವಾಂ ನಿಲ್ದಾಣದ ಛಾವಣಿಯ ವಿಸ್ತಾರವನ್ನು ಹೊಗಳಿದ. ಆ ದಡ್ಡತನಕ್ಕೆ ಅವನು ಆ ರಾತ್ರಿ ತನ್ನ ತಲೆಯನ್ನು ತಾನೇ ಚಚ್ಚಿಕೊಳ್ಳುವುದೊಂದು ಬಾಕಿ. ಝೆಲಿ ಅಂಗಡಿ ಬಿಟ್ಟುಕೊಟ್ಟಳು. ಮಾರ್ಚ್ ಹನ್ನೊಂದರ ಶನಿವಾರ, ಎಂಟು ಹನ್ನೆರಡರ ಗಾಡಿಗೆ, ಕಾಯಂ ಆಗಿ ಹೊರಡುವುದೆಂದು ನಿಶ್ಚಯವಾಯಿತು. ಕೊನೆಯ ಐದು ನಿಮಿಷದಲ್ಲಿ ಹೇಳಿಯೇ ಬಿಡುತ್ತೇನೆ ಎಂದು ಎವರಿಸ್ಟ್ ಗಟ್ಟಿ ಮನಸ್ಸು ಮಾಡಿದ. ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ; ಸಾವಕಾಶವಾಗಿ ಹೇಳಿದರೂ ನಾಲ್ಕು ನಿಮಿಷ ಹಿಡಿಯುತ್ತಿತ್ತು, ಅವಳ ಉತ್ತರಕ್ಕೆ ಒಂದು ನಿಮಿಷ ಮಿಗುತ್ತಿತ್ತು.

ಹೊರಡುವ ಮುನ್ನಾದಿನ, ಶುಕ್ರವಾರ ಬೆಳಿಗ್ಗೆ, ತಂತಿ ಬಂತು.

ಸರ್ಕಾರ ಹೊಸ ಕಾನೂನು ಮಾಡಿತ್ತು. ಇನ್ನು ಮುಂದೆ ದೇಶದ ಗಡಿಯಾರಗಳೆಲ್ಲ ಒಂಬತ್ತು ನಿಮಿಷ ಇಪ್ಪತ್ತೊಂದು ಸೆಕೆಂಡು ಹಿಂದೆ. ಬೇರೆ ಮಾತಿನಲ್ಲಿ ಹೇಳಬೇಕೆಂದರೆ ಇಂಗ್ಲಿಷರ ಸಮಯ. ಆದರೆ ಇಂಗ್ಲಿಷರ ಹೆಸರೆತ್ತಲು ಪ್ಯಾರಿಸ್ಸಿನ ದೊಡ್ಡವರಿಗೆ ಬಾಯಿ ಬಾರದೆ ನಮ್ಮ ಸಮಯವನ್ನೇ ಇಷ್ಟು ಹಿಂದಿಡುತ್ತೇವೆ ಎಂದು ಬರೆದು ಮೀಸೆ ಉಳಿಸಿಕೊಂಡಿದ್ದರು. ಅಷ್ಟೇ ಆಗಿದ್ದರೆ ಎವರಿಸ್ಟ್ ನಕ್ಕು ಸುಮ್ಮನಾಗುತ್ತಿದ್ದ. ತಂತಿಯ ಎರಡನೆಯ ಸಾಲನ್ನು ಅವನು ಎರಡು ಸಲ ಓದಿದ. ಶನಿವಾರದಿಂದ ನಿಲ್ದಾಣಗಳ ಒಳ ಹೊರಗಿನ ಗಡಿಯಾರಗಳು ಒಂದೇ ಸಮಯ ತೋರಿಸತಕ್ಕದ್ದು. ಐದು ನಿಮಿಷದ ವ್ಯತ್ಯಾಸ ರದ್ದು.

ಅವನು ಆ ತಂತಿಯನ್ನು ಹಿಡಿದುಕೊಂಡು ಟಿಕೆಟ್ ಕಿಟಕಿಯ ಹಿಂದೆ ಕೂತ. ಆಮೇಲೆ ದುಂಡನೆಯ ಅಕ್ಷರಗಳಲ್ಲಿ ಒಂದು ಪ್ರಕಟಣೆ ಬರೆದು ಮುಂಬಾಗಿಲಿಗೆ ಅಂಟಿಸಿದ. ಬ್ರೂವಾಲ್‌ನಲ್ಲಿ ಗೋಡೆಯ ಮೇಲಿನ ಕಾಗದ ಓದುವ ರೂಢಿ ಯಾರಿಗೂ ಇರಲಿಲ್ಲವಾದ್ದರಿಂದ ಫಿರ್ಮಾಂನನ್ನು ಕರೆದು ಎರಡು ಸಲ ವಿವರಿಸಿ, ಊರಿಗೆಲ್ಲ ತಿಳಿಸಿ ಬಾ ಎಂದು ಕಳಿಸಿದ. ಫಿರ್ಮಾಂ ನೇರ ಹೋದದ್ದು ಕೆಫೆಗೆ. ಅಲ್ಲಿ ಎರಡು ಲೋಟ ಸೇಬಿನ ಮದ್ಯದ ಹೊತ್ತಿಗೆ ವಿಷಯಕ್ಕೆ ಹೊಸ ಆಕಾರ ಬಂತು: ಸರ್ಕಾರ ಜನರಿಗೆ ಒಂಬತ್ತು ನಿಮಿಷ ದಯಪಾಲಿಸಿದೆ. ನೋಟರಿ ಬಾರ್ತಲೆಮಿ ಮೇಜಿನ ಮೇಲೆ ಬೆರಳಿಂದ ಬರೆದು ಕೂಡಿಸಿದರು. ಹೊಸ ಒಂಬತ್ತು, ಹಳೆಯ ಐದು, ಒಟ್ಟು ಹದಿನಾಲ್ಕು. ಇನ್ನು ಮೇಲೆ ಗಾಡಿ ತಪ್ಪಿಸಿಕೊಳ್ಳಬೇಕೆಂದರೂ ಆಗದು ಎಂದು ಊರು ಹಿಗ್ಗಿತು. ಹಿಂದಿನವರು ಕೊಟ್ಟ ಐದು ನಿಮಿಷವನ್ನು ಯಾರಾದರೂ ಕಿತ್ತುಕೊಂಡಾರು ಎಂಬ ಯೋಚನೆ ಒಬ್ಬನಿಗೂ ಬರಲಿಲ್ಲ. ಅದು ಅವರಿಗೆ ಗಾಳಿ ನೀರಿನ ಹಾಗಾಗಿತ್ತು.

ಮಧ್ಯಾಹ್ನ ಫಿರ್ಮಾಂ ಮರಳಿ ಬಂದು ಈ ಹದಿನಾಲ್ಕರ ಸುದ್ದಿಯನ್ನು ಎವರಿಸ್ಟ್‌ಗೇ ಸಂಭ್ರಮದಿಂದ ಹೇಳಿದ. ಎವರಿಸ್ಟ್ ಅವನಿಗೆ ಬೈದು, ಟೋಪಿ ಹಾಕಿಕೊಂಡು, ಬೀದಿ ಏರಿ ನೇರ ಝೆಲಿಯ ಅಂಗಡಿಗೆ ನಡೆದ. ಉಳಿದವರು ಹಾಳಾಗಿ ಹೋಗಲಿ, ಇವಳಿಗೊಬ್ಬಳಿಗೆ ನಾನೇ ಹೇಳಬೇಕು, ನಾಳೆ ಐದು ನಿಮಿಷ ಮುಂಚೆ ಬನ್ನಿ ಎನ್ನಬೇಕು, ಅದು ನನ್ನ ಕರ್ತವ್ಯ. ಬೀದಿಯುದ್ದಕ್ಕೂ ಅದನ್ನೇ ಹೇಳಿಕೊಂಡ.

ಅಂಗಡಿಯಲ್ಲಿ ಟೋಪಿಗಳಿರಲಿಲ್ಲ. ಟೋಪಿ ಕೂರಿಸುವ ಮರದ ತಲೆಗಳೂ ಇರಲಿಲ್ಲ. ಸಾಮಾನೆಲ್ಲ ಬುಧವಾರದ ಗೂಡ್ಸ್ ಗಾಡಿಯಲ್ಲಿ ಹೋಗಿತ್ತು, ರಸೀದಿಗೆ ಸಹಿ ಮಾಡಿದವನು ಅವನೇ. ಖಾಲಿ ಕಪಾಟುಗಳ ನಡುವೆ ಝೆಲಿ ಒಂದು ಪೆಟ್ಟಿಗೆಯ ಮೇಲೆ ಮೊಣಕಾಲೂರಿ ಹಗ್ಗ ಬಿಗಿಯುತ್ತಿದ್ದಳು. ಬಿಚ್ಚಿದ ಕೂದಲು ಮುಖದ ಮೇಲಿತ್ತು. ಅವಳನ್ನು ಟೋಪಿಯಿಲ್ಲದೆ ಅವನು ನೋಡಿದ್ದು ಅದೇ ಮೊದಲು. ಬಂದ ಕೆಲಸ ಮರೆತುಹೋಗಲಿಲ್ಲ, ಆದರೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ನಿಂತ.

"ಏನ್ರೀ ಮಾಸ್ತರ್ರೇ, ಸ್ಟೇಷನ್ ಬಿಟ್ಟು ಇಷ್ಟು ದೂರ ಬಂದಿದೀರಿ, ಛಾವಣಿ ಬಿದ್ದುಹೋಯ್ತಾ?" ಎಂದಳು ಝೆಲಿ.

"ಇಲ್ಲ. ಒಂದು ವಿಷಯ ಹೇಳಬೇಕಿತ್ತು ಮದಾಮ್," ಎಂದ.

ಅವಳ ಕೈ ಹಗ್ಗದ ಮೇಲೆ ನಿಂತಿತು. ಅವನು ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ. ಅವಳು ಕಾದಳು. ಕೊನೆಗೆ ಅವಳೇ ನಕ್ಕುಬಿಟ್ಟಳು.

"ಬಿಡಿ, ನನ್ನ ಮುಖ ಎಲ್ಲಾ ಧೂಳು. ನಾಳೆ ನಮ್ಮ ಐದು ನಿಮಿಷ ಇದೆಯಲ್ಲ, ಆಗ ಹೇಳಿ."

ನಮ್ಮ ಐದು ನಿಮಿಷ ಎಂದಳು. ಒಂಬತ್ತು ವರ್ಷದಲ್ಲಿ ಅವಳು ಅದನ್ನು ಹಾಗೆ ಕರೆದದ್ದು ಎವರಿಸ್ಟ್ ಕೇಳಿರಲಿಲ್ಲ. ಅದು ರದ್ದಾಗಿದೆ ಎಂದು ಹೇಳಬೇಕಾದವನು ಅವನು. ಆಗಲಿ ಮದಾಮ್ ಎಂದು ತಲೆ ಬಾಗಿಸಿ, ಬಂದ ದಾರಿಯಲ್ಲೇ ಇಳಿದು ಹೋದ. ಅರ್ಧ ಬೀದಿಯಲ್ಲಿ ಒಮ್ಮೆ ನಿಂತ. ಹಿಂತಿರುಗಲಿಲ್ಲ.

ಮರುದಿನ ಬೆಳಗಾಗುತ್ತಲೇ, ಮೊದಲ ಗಾಡಿಗೆ ಮುಂಚೆ, ಅವನು ಅಟ್ಟ ಹತ್ತಿದ. ಯಂತ್ರವನ್ನು ನಿಲ್ಲಿಸಿ ಒಳಗಿನ ಮುಳ್ಳನ್ನು ತಂತಿಯಲ್ಲಿ ಹೇಳಿದ ಹೊಸ ಸಮಯಕ್ಕೆ ತಂದ. ಆಮೇಲೆ ಬೀದಿ ಕಡೆಯ ಸರಳಿನ ತಿರುಪಿಗೆ ಕೈ ಹಾಕಿದ. ನಲವತ್ತು ವರ್ಷ ಯಾರೂ ಮುಟ್ಟದ ತಿರುಪು, ಎಣ್ಣೆ ಕುಡಿಸಿ ಕುಡಿಸಿ ಬಿಡಿಸಬೇಕಾಯಿತು. ಮುಳ್ಳು ಐದು ನಿಮಿಷ ಹಿಂದೆ ಜಾರಿ ನಿಂತಾಗ ಅವನಿಗೆ ಅಳು ಬಂತು. ಯಾರೂ ನೋಡುವವರಿರಲಿಲ್ಲ, ಆದ್ದರಿಂದ ಸ್ವಲ್ಪ ಅತ್ತ. ನಂತರ ತಿರುಪನ್ನು ಸರಿಯಾಗಿ ಬಿಗಿ ಮಾಡಿದ; ಅಳುತ್ತಿದ್ದರೂ ಸಡಿಲವಾಗಿ ಬಿಡುವ ಜಾತಿಯವನಲ್ಲ ಅವನು. ಗಡಿಯಾರದ ಪಕ್ಕದ ದುಂಡು ಕಿಟಕಿಯಿಂದ ಇಡೀ ಬೀದಿ ಕಾಣುತ್ತಿತ್ತು. ತುದಿಯಲ್ಲಿ ಝೆಲಿಯ ಮನೆಯ ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು. ಕೊನೆಯ ಕಾಫಿ ಕಾಯಿಸುತ್ತಿದ್ದಾಳೆ ಎಂದುಕೊಂಡ. ಈಗಲೂ ಫಿರ್ಮಾಂನನ್ನು ಓಡಿಸಿದರೆ ಹೊತ್ತು ಮೀರಿಲ್ಲ ಎಂದೂ ಅನ್ನಿಸಿತು.

ಏಳೂವರೆಗೆ ಫಿರ್ಮಾಂ ಕೈಗಾಡಿ ತಳ್ಳಿಕೊಂಡು ಅವಳ ಪೆಟ್ಟಿಗೆ ತರಲು ಹೊರಟ. ಮಾಸ್ತರ್ ಅವನಿಗೆ ಜೋಪಾನ, ಪೆಟ್ಟಿಗೆಯ ಮೂಲೆ ತಾಗಿಸಬೇಡ ಎಂದಷ್ಟೇ ಹೇಳಿದ.

ಎಂಟು ಎಂಟಕ್ಕೆ ಗಾಡಿ ಬಂದು ನಿಂತಿತು. ಹತ್ತಿದವಳು ಒಬ್ಬಳೇ, ಮೊಟ್ಟೆ ಮಾರುವ ಕಿವುಡಿ ಮುದುಕಿ. ಅವಳಿಗೆ ಗಡಿಯಾರವೂ ಗೊತ್ತಿಲ್ಲ, ಕಾನೂನೂ ಗೊತ್ತಿಲ್ಲ. ಯಾವಾಗಲೂ ಒಂದು ಗಂಟೆ ಮುಂಚೆ ಬಂದು ಮೂರನೆಯ ದರ್ಜೆಯ ಬೆಂಚಿನ ಮೇಲೆ ನಿದ್ದೆ ಮಾಡುವವಳು. ಗಾರ್ಡು ಖಾಲಿ ಪ್ಲಾಟ್‌ಫಾರಂ ನೋಡಿ, ಇವತ್ತು ಊರಲ್ಲಿ ಎಲ್ಲರೂ ಸತ್ತರೇನು ಎಂದು ಕೇಳಿದ. ಎಂಟು ಒಂಬತ್ತು. ಎಂಟು ಹತ್ತು.

ಆ ಕಟ್ಟಡ ಕಟ್ಟಿದವನು ಮುಂಬಾಗಿಲು, ನಡುಮನೆಯ ಬಾಗಿಲು, ಪ್ಲಾಟ್‌ಫಾರಂ ಬಾಗಿಲು ಮೂರನ್ನೂ ಒಂದೇ ಗೆರೆಗೆ ತಂದಿದ್ದ. ಪ್ಲಾಟ್‌ಫಾರಂ ಮೇಲೆ ನಿಂತವನಿಗೆ ಮೂರು ಕಮಾನುಗಳ ಆಚೆ ನಿಲ್ದಾಣದ ಮುಂದಿನ ಚೌಕವೂ ಬೀದಿಯೂ ಕಾಣುತ್ತಿದ್ದವು. ಎಂಟು ಹನ್ನೊಂದಕ್ಕೆ ಆ ಕಮಾನಿನೊಳಗೆ ಝೆಲಿ ಕಾಣಿಸಿಕೊಂಡಳು. ನೀಲಿ ರಿಬ್ಬನ್ನಿನ ಬೂದು ಟೋಪಿ, ಕೈಯಲ್ಲಿ ಒಂದೇ ಡಬ್ಬಿ. ಪಕ್ಕದಲ್ಲಿ ಕೈಗಾಡಿ ತಳ್ಳುತ್ತಾ ಫಿರ್ಮಾಂ. ಅವರ ಹಿಂದೆ ನೋಟರಿ ಬಾರ್ತಲೆಮಿ, ಇನ್ನೂ ನಾಲ್ಕಾರು ಜನ, ಮದುವೆಗೆ ಹೊರಟವರಂತೆ ಹರಟೆ ಹೊಡೆಯುತ್ತಾ. ಯಾರಿಗೂ ಆತುರವಿರಲಿಲ್ಲ. ಹದಿನಾಲ್ಕು ನಿಮಿಷ ಜೇಬಿನಲ್ಲಿದೆ. ಝೆಲಿ ಚೌಕದ ನಡುವೆ ನಿಂತು, ತಲೆಯೆತ್ತಿ, ಕಲ್ಲಿನ ಹೆಂಗಸರನ್ನು ಒಮ್ಮೆ ನೋಡಿದಳು.

ಗಾರ್ಡಿಗೂ ಅವಳು ಕಂಡಳು. "ನಿಮ್ಮ ಟೋಪಿಯಮ್ಮ ಬರ್ತಾವ್ರೆ ಮಾಸ್ತರ್ರೇ. ಒಂದು ನಿಮಿಷ ತಡೆಯೋಣ್ವಾ? ನಾನಂತೂ ಯಾರಿಗೂ ಹೇಳಲ್ಲ."

ಎವರಿಸ್ಟ್ ಗಡಿಯಾರ ನೋಡಿದ. ಹನ್ನೆರಡಕ್ಕೆ ಇನ್ನು ಹತ್ತು ಸೆಕೆಂಡು. ತಡೆದರೆ ಅವಳು ಬರುತ್ತಾಳೆ, ಏದುಸಿರಿನಲ್ಲಿ ಹತ್ತುತ್ತಾಳೆ, ಹೋಗುತ್ತಾಳೆ. ಒಂದು ನಿಮಿಷದಲ್ಲಿ ಅವನ ಬಾಯಿಂದ ಏನೂ ಹೊರಡದು, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತಡೆಯದಿದ್ದರೆ ಅವನು ಮಾಡಿದ್ದು ಇಪ್ಪತ್ತೆರಡು ವರ್ಷ ಮಾಡಿದ್ದನ್ನೇ. ಯಾರೂ ಬೆರಳು ತೋರಿಸುವಂತಿಲ್ಲ. ನಿಯಮವನ್ನು ಪಾಲಿಸಿದನೋ ನಿಯಮದ ಹಿಂದೆ ಅಡಗಿದನೋ, ಅದನ್ನು ಅವನ ಆತ್ಮಸಾಕ್ಷಿಯೇ ಹೇಳಬೇಕು. ಬಾವುಟ ಎತ್ತಿದ, ಸೀಟಿ ಊದಿದ.

ಗಾಡಿ ಅಲುಗಿದ ಸದ್ದಿಗೆ ಚೌಕದಲ್ಲಿದ್ದವರೆಲ್ಲ ಒಂದು ಕ್ಷಣ ಕಲ್ಲಾಗಿ ನಿಂತು, ಆಮೇಲೆ ಒಟ್ಟಿಗೇ ಓಡಿದರು. ಓಡಿಬಂದವರಿಗೆ ಸಿಕ್ಕಿದ್ದು ಹೊಗೆ ಮಾತ್ರ. ನೋಟರಿ ತಮ್ಮ ಕಿಸೆ ಗಡಿಯಾರವನ್ನು ಎವರಿಸ್ಟ್‌ನ ಮೂಗಿಗೆ ಹಿಡಿದು, ಸರ್ಕಾರ ಕೊಟ್ಟದ್ದನ್ನು ಕಸಿದುಕೊಳ್ಳಲು ನೀನು ಯಾರು ಎಂದು ಕೂಗಾಡಿದರು. ಎವರಿಸ್ಟ್ ಬಾಗಿಲಿನ ಪ್ರಕಟಣೆಯತ್ತ ಕೈ ತೋರಿಸಿದ. ಎಲ್ಲರೂ ಹೋಗಿ ಅದನ್ನು ಓದಿದರು, ಬಹುಶಃ ಆ ಊರಿನ ಚರಿತ್ರೆಯಲ್ಲೇ ಮೊದಲ ಬಾರಿಗೆ. ಓದಿ ಮುಗಿಸಿ ಫಿರ್ಮಾಂನತ್ತ ತಿರುಗಿದರು. ಫಿರ್ಮಾಂ ಅಷ್ಟರಲ್ಲಿ ಕೈಗಾಡಿ ಬಿಟ್ಟು ಮಾಯವಾಗಿದ್ದ. ನಿಲ್ದಾಣದ ಫಲಾಹಾರ ಮಂದಿರದ ಒಕ್ತಾವಿಯಮ್ಮ ಇದೇ ಸಮಯವೆಂದು ಬಾಗಿಲು ತೆಗೆದು, ಒಲೆಯಿಂದ ಆಗತಾನೇ ಇಳಿಸಿದ ದಾಲ್ಚಿನ್ನಿ ಹಾಕಿದ ಹಾಲನ್ನದ ಪರಿಮಳವನ್ನು ಹೊರಗೆ ಬಿಟ್ಟಳು. ಐದು ನಿಮಿಷದಲ್ಲಿ ಗದ್ದಲವೆಲ್ಲ ಅವಳ ಮೇಜುಗಳಿಗೆ ವರ್ಗವಾಯಿತು.

ಪ್ಲಾಟ್‌ಫಾರಂ ಮೇಲೆ ಉಳಿದವಳು ಝೆಲಿ. ಅವಳು ಓಡಿರಲಿಲ್ಲ. ನಿಧಾನವಾಗಿ ಬಂದು ಗಾಜಿನ ಕೆಳಗೆ, ಎಂದಿನ ಜಾಗದಲ್ಲಿ ನಿಂತಳು. ಮುಖ ಬಿಳುಪೇರಿತ್ತು.

"ನಾನು ಬರ್ತಾ ಇದ್ದದ್ದು ನಿಮಗೆ ಕಾಣಿಸ್ಲಿಲ್ವಾ?"

"ಕಾಣಿಸ್ತು ಮದಾಮ್."

"ಕಾಣಿಸ್ತಾ."

"ಟೋಪಿಯ ನೀಲಿ ರಿಬ್ಬನ್ ಕೂಡ ಕಾಣಿಸ್ತು." ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ, ಒಮ್ಮೆ ಶುರುವಾದ ಮೇಲೆ ನಿಲ್ಲಿಸಲೂ ಬರಲಿಲ್ಲ. "ಐದು ನಿಮಿಷ ತೆಗೆದುಹಾಕಿದ್ದಾರೆ ಅಂತ ಹೇಳೋಕೇ ನಿನ್ನೆ ಅಂಗಡಿಗೆ ಬಂದಿದ್ದು. ಹೇಳ್ಲಿಲ್ಲ. ಇವತ್ತು ಬೆಳಿಗ್ಗೆ ಫಿರ್ಮಾಂ ಕೈಲಿ ಹೇಳಿಕಳಿಸಬಹುದಿತ್ತು. ಕಳಿಸ್ಲಿಲ್ಲ."

ಅವಳಿಗೆ ಸಿಟ್ಟು ಬಂತು, ಬರದೆ ಇರುತ್ತದೆಯೇ. ತಂಗಿ ರುವಾಂ ನಿಲ್ದಾಣದಲ್ಲಿ ಬಾಡಿಗೆ ಬಂಡಿ ನಿಲ್ಲಿಸಿಕೊಂಡು ಕಾಯುತ್ತಿರುತ್ತಾಳೆ, ಇಲ್ಲಿ ಮನೆಯ ಬೀಗದ ಕೈ ಕೊಟ್ಟಾಗಿದೆ, ನಾನೇನು ಬೀದಿಯಲ್ಲಿ ಕೂತಿರಲೇ, ಬಿಷಪ್ಪರಿಗೆ ಮಾಡಿದ್ದನ್ನೇ ನನಗೂ ಮಾಡಿದಿರಲ್ಲ ಎಂದು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಳು. ಅವನು ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡ. ಮುಂದಿನ ಗಾಡಿ ಒಂದೂ ನಲವತ್ತಕ್ಕೆ ಎಂದಷ್ಟೇ ಹೇಳಿದ. ಹಾಗಾದರೆ ತಂಗಿಗೆ ಈಗಿಂದೀಗಲೇ ತಂತಿ ಕೊಡಿ ಎಂದಳು.

ತಂತಿಯ ಕೋಣೆ ಟಿಕೆಟ್ ಕಿಟಕಿಯ ಹಿಂದಿನ ಗೂಡು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಎವರಿಸ್ಟ್ ಕುರ್ಚಿಯಲ್ಲಿ ಕೂತು ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟ. ರುವಾಂ ನಿಲ್ದಾಣದ ತಂತಿಯವನು ಟಕಟಕ ಎಂದು ಓಗೊಟ್ಟ. ಝೆಲಿ ಬೆನ್ನ ಹಿಂದೆ ನಿಂತು ಒಂದೊಂದೇ ಮಾತು ಹೇಳಿದಳು, ಅವನು ಬಡಿದ. ತಂಗಿಯ ಹೆಸರು. ರೈಲು ತಪ್ಪಿತು. ಗಾಬರಿಯಾಗಬೇಡ.

"ಮಧ್ಯಾಹ್ನದ ಗಾಡಿಗೆ ಬರ್ತೀನಿ ಅಂತ ಹಾಕಿ," ಎಂದಳು.

ಅವನ ಬೆರಳು ಗುಂಡಿಯ ಮೇಲೇ ಇತ್ತು. ಇಳಿಯಲಿಲ್ಲ. ಆಚೆಯವನು ಸ್ವಲ್ಪ ಹೊತ್ತು ಕಾದು, ಟಕ್ ಟಕ್ ಎಂದ. ಇನ್ನೂ ಸ್ವಲ್ಪ ಕಾದು ಜೋರಾಗಿ ಬಡಿದ.

"ಏನಂತೆ ಅವನದು?" ಝೆಲಿ ಕೇಳಿದಳು.

"ಮುಂದೇನು ಅಂತ ಕೇಳ್ತಿದ್ದಾನೆ."

"ಮತ್ತೆ ಹೇಳಿ."

"ನನ್ನ ಕೈಲಿ ಆಗಲ್ಲ," ಎಂದ ಎವರಿಸ್ಟ್. ತಿರುಗಿ ನೋಡಲಿಲ್ಲ, ನೋಡಿದ್ದರೆ ಮಾತು ಹೊರಡುತ್ತಿರಲಿಲ್ಲ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ನಾಲ್ಕು ನಿಮಿಷದ ಮಾತಿನಲ್ಲಿ ಒಂದಕ್ಷರವೂ ನೆನಪಿರಲಿಲ್ಲ. "ಬೇರೆ ಏನು ಬೇಕಾದ್ರೂ ಕಳಿಸ್ತೀನಿ. ಆ ಮಾತು ನನ್ನ ಬೆರಳಿಂದ ಹೋಗಲ್ಲ. ಹೋಗಬೇಡಿ ಝೆಲಿ. ನೀವಿಲ್ಲದೆ ನನಗಿಲ್ಲಿ ಆಗಲ್ಲ. ನನ್ನ ಜೊತೆ ಇಲ್ಲೇ ಇರಿ."

ಯಂತ್ರ ಟಕಟಕ ಎನ್ನುತ್ತಲೇ ಇತ್ತು. ಗೋಡೆಯಾಚೆ ಒಕ್ತಾವಿಯಮ್ಮನಲ್ಲಿ ಯಾರೋ ಗಹಗಹಿಸಿ ನಕ್ಕರು. ಎವರಿಸ್ಟ್‌ಗೆ ತನ್ನ ಬೆನ್ನ ಹಿಂದೆ ಬಟ್ಟೆಯ ಸರಸರ ಕೇಳಿಸಿತು, ಬಾಗಿಲು ತೆರೆದು ಹೊರಟೇ ಹೋದಳು ಎಂದುಕೊಂಡ. ಹೋಗಿರಲಿಲ್ಲ. ಮೂಲೆಯಲ್ಲಿದ್ದ ಸ್ಟೂಲು ಎಳೆದುಕೊಂಡು ಅವನ ಪಕ್ಕಕ್ಕೇ ಕೂತಳು. ಟೋಪಿಯ ಸೂಜಿ ಎಳೆದು, ಟೋಪಿ ತೆಗೆದು, ತಂತಿಯ ಕಾಗದಗಳ ಮೇಲಿಟ್ಟಳು. ಅವಳ ಕಣ್ಣು ತುಂಬಿತ್ತು, ಸಿಟ್ಟು ಪೂರ್ತಿ ಹೋಗಿರಲೂ ಇಲ್ಲ.

"ಒಂಬತ್ತು ವರ್ಷ ಕಂಬ ತೋರಿಸಿದಿರಿ, ಗಾಜು ತೋರಿಸಿದಿರಿ, ಮೂರು ಹಲ್ಲಿನ ಸಿಂಹ ತೋರಿಸಿದಿರಿ. ನಾನೂ ಪ್ರತಿ ವಾರ ಇವತ್ತಾದ್ರೂ ಹೇಳ್ತಾರೇನೋ ಅಂತ ಕತ್ತೆತ್ತಿ ಕತ್ತೆತ್ತಿ ನೋಡಿ ನನ್ನ ಕುತ್ತಿಗೆ ಹಿಡ್ಕೊಂಡಿದ್ದೇ ಬಂತು," ಎಂದಳು. "ಇದೊಂದು ಮಾತಿಗೆ ಗಾಡಿ ತಪ್ಪಿಸಬೇಕಾಯ್ತಾ?"

"ಗಾಡಿ ಸಮಯಕ್ಕೆ ಸರಿಯಾಗೇ ಹೊರಟಿದ್ದು," ಎಂದುಬಿಟ್ಟ ಎವರಿಸ್ಟ್. ಅಭ್ಯಾಸಬಲ.

ಝೆಲಿ ಅವನನ್ನು ಒಂದು ಕ್ಷಣ ನೋಡಿದಳು. ಆಮೇಲೆ ನಗತೊಡಗಿದಳು, ಕಣ್ಣೊರೆಸಿಕೊಳ್ಳುತ್ತಾ, ತಡೆಯಲಾರದೆ, ಆ ಗೂಡೆಲ್ಲ ತುಂಬುವ ಹಾಗೆ. ಅವನಿಗೂ ನಗು ಬಂತು. ಆಚೆಯವನು ಈಗ ಬಹುಶಃ ಎರಡೂ ಕೈಯಿಂದ ಬಡಿಯುತ್ತಿದ್ದ.

"ಪಾಪ, ಅವನಿಗೆ ಹುಚ್ಚು ಹಿಡಿದೀತು. ಹಾಕಿ," ಎಂದಳು ಝೆಲಿ. "ನಾನು ಬರೋದಿಲ್ಲ. ಮದುವೆಗೆ ನೀನೇ ಬಾ."

ಎವರಿಸ್ಟ್ ಬಡಿದ. ಮೂರು ಕಡೆ ತಪ್ಪಾಯಿತು. ರುವಾಂನವನಿಗೆ ಏನೂ ಅರ್ಥವಾಗದೆ, ಕೊನೆಯ ಸಾಲನ್ನು ಇನ್ನೊಮ್ಮೆ ಕಳಿಸಿ ಎಂದ. ಎವರಿಸ್ಟ್ ಅದನ್ನು ಇನ್ನೊಮ್ಮೆ, ಒಂದೊಂದೇ ಅಕ್ಷರವಾಗಿ, ಸಾವಕಾಶವಾಗಿ ಕಳಿಸಿದ.
­